ನೀರು ಹೋದ ಮೇಲೆ ಲಿಗ್ನೈಟಿನ ರಂಧ್ರಗಳು ಎಲ್ಲಿ ಹೋದವು?

ಪ್ರಶ್ನೆ: ನಾನು ಎಂ.ಟೆಕ್. ವಿದ್ಯಾರ್ಥಿನಿ. ಶೇ 60ರಷ್ಟು ತೇವಾಂಶವಿದ್ದ ಲಿಗ್ನೈಟನ್ನು (ಮೆದುವಾದ ಕಂದು ಕಲ್ಲಿದ್ದಲನ್ನು) 105 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಒಣಗಿಸಿ, ಸಾರಜನಕ ಅನಿಲವನ್ನು ಹೀರಿಸಿ ರಂಧ್ರಗಳನ್ನು ಅಳೆದೆ. ಗ್ರಾಂಗೆ ಕೆಲವೇ ಚದರ ಮೀಟರ್ ಮೇಲ್ಮೈ ಸಿಕ್ಕಿತು. ಅಷ್ಟೊಂದು ನೀರು ತುಂಬಿದ್ದ ಜಾಗ ಖಾಲಿಯಾಗಿ ಉಳಿಯಬೇಕಿತ್ತಲ್ಲವೇ? ಅಳತೆಯಲ್ಲಿ ತಪ್ಪಾಯಿತೇ? ಮತ್ತೆ ನೀರಿನಲ್ಲಿ ನೆನೆಸಿದರೆ ರಂಧ್ರಗಳು ಮರಳುತ್ತವೆಯೇ?

ಉತ್ತರ: ನಿಮ್ಮ ಉಪಕರಣ ಸುಳ್ಳು ಹೇಳುತ್ತಿಲ್ಲ. ಆದರೆ ಓವನ್ನಿಗೆ ಇಟ್ಟ ವಸ್ತುವೇ ಬೇರೆ, ಓವನ್ನಿನಿಂದ ಹೊರಬಂದ ವಸ್ತುವೇ ಬೇರೆ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ಮಾದರಿಯಲ್ಲಿ 60 ಗ್ರಾಂ ನೀರು, 40 ಗ್ರಾಂ ಒಣ ಕಲ್ಲಿದ್ದಲು. ಎಂದರೆ ಒಂದು ಗ್ರಾಂ ಒಣ ದ್ರವ್ಯಕ್ಕೆ 1.5 ಘನ ಸೆಂಟಿಮೀಟರ್ ನೀರು. ಆ ಒಂದು ಗ್ರಾಂ ದ್ರವ್ಯ ತಾನು ಹಿಡಿಯುವ ಜಾಗವಾದರೋ ಸುಮಾರು 0.7 ಘನ ಸೆಂಟಿಮೀಟರ್ ಮಾತ್ರ. ಗಾತ್ರದ ಲೆಕ್ಕದಲ್ಲಿ ಹಸಿ ಲಿಗ್ನೈಟಿನಲ್ಲಿ ನೀರಿನದೇ ಮೇಲುಗೈ. ಇದನ್ನು ನೀರು ಕುಡಿದ ಇಟ್ಟಿಗೆ ಎಂದು ಕಲ್ಪಿಸಿಕೊಂಡರೆ ದಾರಿ ತಪ್ಪುತ್ತದೆ. ಗಟ್ಟಿಯಾಗತೊಡಗಿದ ಅಂಟುಪಾಕಕ್ಕೆ ಇದು ಹೆಚ್ಚು ಹತ್ತಿರ. ಇಲ್ಲಿ ನೀರು ರಂಧ್ರದಲ್ಲಿ ಕುಳಿತಿರುವುದಷ್ಟೇ ಅಲ್ಲ, ರಂಧ್ರದ ಗೋಡೆಗಳಿಗೆ ಊರೆಗೋಲಾಗಿಯೂ ನಿಂತಿರುತ್ತದೆ.

ಒಣಗುವಾಗ ಮೊದಲು ದೊಡ್ಡ ರಂಧ್ರಗಳ ನೀರು ಹೋಗುತ್ತದೆ. ಅದರಿಂದ ಹೆಚ್ಚೇನೂ ಕೆಡುವುದಿಲ್ಲ. ತೊಂದರೆ ಇರುವುದು ಸಣ್ಣವುಗಳಲ್ಲಿ. 10 ನ್ಯಾನೊಮೀಟರ್ ತ್ರಿಜ್ಯದ ರಂಧ್ರದೊಳಗೆ ನೀರಿನ ಮೇಲ್ಮೈ ಬಾಗಿದಾಗ, ಬರಿಯ ಮೇಲ್ಮೈ ಎಳೆತದಿಂದಲೇ ಸುಮಾರು 140 ವಾಯುಭಾರದಷ್ಟು ಸೆಳೆತ ಹುಟ್ಟುತ್ತದೆ. ಮೆದು ಗೋಡೆಗಳು ಇದನ್ನು ತಾಳಲಾರದೆ ಒಳಕ್ಕೆ ಕುಸಿಯುತ್ತವೆ. ಕೊನೆಗೆ ಉಳಿಯುವುದು ಕಾರ್ಬಾಕ್ಸಿಲ್, ಫೀನಾಲಿಕ್ ಗುಂಪುಗಳಿಗೆ, ಎಂದರೆ ಕಲ್ಲಿದ್ದಲಿನ ಅಣುಗಳಲ್ಲಿ ನೀರನ್ನು ಸೆಳೆಯುವ ಆಮ್ಲಜನಕಯುಕ್ತ ಭಾಗಗಳಿಗೆ, ಅಂಟಿಕೊಂಡ ನೀರು. ಅದೂ ಹೋದರೆ, ನೀರನ್ನು ಹಿಡಿದಿದ್ದ ಗುಂಪುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎದುರುಬದುರಾಗಿದ್ದ ಗೋಡೆಗಳ ನಡುವೆ ಜಲಜನಕ ಬಂಧ ಬಿಗಿಯುತ್ತದೆ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನೆನೆಸಿದರೆ ಲಿಗ್ನೈಟ್ ಸ್ವಲ್ಪ ಊದಿಕೊಳ್ಳುತ್ತದೆ, ಆದರೆ ಮೊದಲಿನಷ್ಟು ನೀರನ್ನು ಮತ್ತೆ ಹಿಡಿಯುವುದಿಲ್ಲ. ಅರ್ಧಂಬರ್ಧ ಒಣಗಿದ್ದರೆ ಚೇತರಿಕೆ ಹೆಚ್ಚು, ಪೂರ್ತಿ ಒಣಗಿದ್ದರೆ ಕಡಿಮೆ.

ಇನ್ನು ಸಾರಜನಕದ ವಿಷಯ. ಈ ಅಳತೆ ನಡೆಯುವುದು ಮೈನಸ್ 196 ಡಿಗ್ರಿಯಲ್ಲಿ. ಅಷ್ಟು ಚಳಿಯಲ್ಲಿ ಸಾರಜನಕದ ಅಣುಗಳು ಇಕ್ಕಟ್ಟಾದ ಕಂಠಗಳನ್ನು ದಾಟಲು ತಿಣುಕುತ್ತವೆ. ಅದೇ ಮಾದರಿಯನ್ನು 0 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡ್‌ನಿಂದ ಅಳೆದರೆ ಗ್ರಾಂಗೆ ನೂರಾರು ಚದರ ಮೀಟರ್ ಬರುವುದು ಸಾಮಾನ್ಯ. 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳು ಒಣಗಿದ ಮೇಲೂ ಸಾಕಷ್ಟು ಉಳಿದಿರುತ್ತವೆ, ಸಾರಜನಕಕ್ಕೆ ಬಾಗಿಲು ತೆರೆಯುವುದಿಲ್ಲ ಅಷ್ಟೇ. ಪಾದರಸವನ್ನು ಒತ್ತಿ ರಂಧ್ರಗಳಿಗೆ ತುಂಬಿಸಿ ಅಳೆಯುವ ವಿಧಾನಕ್ಕೆ ಬೇರೆಯೇ ರೋಗ: ಹೆಚ್ಚಿನ ಒತ್ತಡದಲ್ಲಿ ಕಲ್ಲಿದ್ದಲೇ ಅಮುಕಿಹೋಗಿ, ಅದೂ ರಂಧ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಒಣಗಿಸುವ ಬಗೆಯೂ ಫಲಿತಾಂಶವನ್ನು ಬದಲಿಸುತ್ತದೆ. ಹೆಪ್ಪುಗಟ್ಟಿಸಿ ಒಣಗಿಸಿದರೆ ಮಂಜುಗಡ್ಡೆ ನೇರವಾಗಿ ಆವಿಯಾಗುವುದರಿಂದ ಆ ಸೆಳೆತ ಬಹುಮಟ್ಟಿಗೆ ತಪ್ಪುತ್ತದೆ. ನೀರಿನ ಬದಲು ಆಲ್ಕೊಹಾಲ್ ತುಂಬಿಸಿ, ಬಳಿಕ ಇಂಗಾಲದ ಡೈಆಕ್ಸೈಡನ್ನು ದ್ರವ, ಅನಿಲಗಳ ಭೇದವೇ ಅಳಿಯುವ 31 ಡಿಗ್ರಿ ಹಾಗೂ 73 ವಾಯುಭಾರದ ಗಡಿಯನ್ನು ದಾಟಿಸಿ ಹೊರತೆಗೆಯುವ ವಿಧಾನದಲ್ಲೂ ಕುಸಿತ ಕಡಿಮೆ. ಇದಕ್ಕೆ ವಿರುದ್ಧವಾಗಿ, ಮೈಕ್ರೊವೇವ್‌ನಂತೆ ಅವಸರದಲ್ಲಿ ಕಾಯಿಸಿದರೆ ಒಳಗಿನ ಹಬೆ ದಾರಿ ಕಾಣದೆ ಕಲ್ಲಿದ್ದಲನ್ನು ಸೀಳುತ್ತದೆ. ಬತ್ತಿದ ಕೆರೆಯಂಗಳದಲ್ಲಿ ಮಣ್ಣು ಬಿಗಿದುಕೊಂಡೂ ಬಿರುಕು ಬಾಯಿ ತೆರೆಯುವುದಿಲ್ಲವೇ, ಹಾಗೆ ಸಣ್ಣ ರಂಧ್ರಗಳು ಮುಚ್ಚಿದರೂ ದೊಡ್ಡ ಬಿರುಕುಗಳು ಹೆಚ್ಚುತ್ತವೆ. 'ಒಣಗಿಸಿದ್ದರಿಂದ ರಂಧ್ರ ಹೆಚ್ಚಿತು' ಎಂದು ಒಂದು ಲೇಖನ, 'ತಗ್ಗಿತು' ಎಂದು ಇನ್ನೊಂದು ಹೇಳುವುದನ್ನು ನೀವು ಓದಿರಬಹುದು. ಯಾವ ಗಾತ್ರದ ರಂಧ್ರ, ಎಷ್ಟು ವೇಗ, ಕೊನೆಗೆ ಎಷ್ಟು ತೇವಾಂಶ ಉಳಿಯಿತು ಎಂದು ಹೇಳದ ಇಂಥ ವಾಕ್ಯಗಳಿಗೆ ನಾನು ಬೆಲೆ ಕೊಡುವುದಿಲ್ಲ.

ನಿಮ್ಮ ಮಾದರಿ ಇನ್ನೂ ಹಸಿಯಾಗಿ ಉಳಿದಿದ್ದರೆ ಅದನ್ನು ಭಾಗ ಮಾಡಿ ಶೇ 40, 20, 10 ತೇವಾಂಶದಲ್ಲಿ ನಿಲ್ಲಿಸುತ್ತಾ ಹೋಗಿ, ಪ್ರತಿ ಹಂತದಲ್ಲೂ ತುಂಡಿನ ಹೊರ ಅಳತೆ ಬರೆದಿಡಿ. ಕುಗ್ಗಿದ್ದೆಷ್ಟು ಎಂಬುದನ್ನು ಒಂದು ವರ್ನಿಯರ್ ಕ್ಯಾಲಿಪರ್ ಕೂಡ ಹೇಳುತ್ತದೆ. ದುಬಾರಿ ಯಂತ್ರದ ಮುಂದೆ ಕುಳಿತವರು ಇದನ್ನು ಮರೆಯುವುದೇ ಹೆಚ್ಚು. ಹಸಿ ಸ್ಥಿತಿಯಲ್ಲೇ ಒಳಗನ್ನು ನೋಡಬೇಕೆಂದರೆ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ) ಅಥವಾ ಸಣ್ಣ ಕೋನದ ಕ್ಷಕಿರಣ ಚದುರುವಿಕೆ ನೆರವಾಗುತ್ತದೆ. ಓವನ್ನಿನಲ್ಲಿ ಗಾಳಿಯ ಬದಲು ಸಾರಜನಕ ಹರಿಯಲಿ, ಇಲ್ಲವಾದರೆ ಒಣಗಿಸುವಾಗಲೇ ಮೇಲ್ಮೈ ಉತ್ಕರ್ಷಣಗೊಳ್ಳುತ್ತದೆ.

ಒಣಗಿದ ಪುಡಿಯನ್ನು ತೆರೆದ ಡಬ್ಬಿಯಲ್ಲಿ ರಾಶಿಯಾಗಿ ಇಡಬೇಡಿ. ಅದು ಗಾಳಿಯ ತೇವವನ್ನು ಹೀರುವಾಗಲೂ ಬಿಸಿ ಹುಟ್ಟುತ್ತದೆ, ಆಮ್ಲಜನಕ ತಾಗಿದಾಗಲೂ ಹುಟ್ಟುತ್ತದೆ. ರಾಶಿ ದೊಡ್ಡದಾದರೆ ತಾನಾಗಿ ಹೊತ್ತಿಕೊಳ್ಳಬಹುದು.