ವಿದೇಶದ ಚರ್ಚಿನಲ್ಲಿ ಮಕ್ಕಳಿಗೆ ಊಟ ಬಡಿಸುವ ಸೇವೆಗೆ ಹೊರಟಿದ್ದೇನೆ, ಅಲ್ಲಿನ ದಿನಚರಿ ಹೇಗಿರುತ್ತದೆ? ಮಕ್ಕಳಿಗೆ ಏನು ಕಲಿಸಲು ತಯಾರಾಗಲಿ?

ಏನನ್ನೂ ಕಲಿಸಲು ತಯಾರಾಗಬೇಡಿ. ನಿಮ್ಮ ಪತ್ರದಲ್ಲಿ ಬರೆದಂತೆ ಚಿತ್ರದುರ್ಗದಲ್ಲಿ ಪದವಿ ಮುಗಿಸಿದ್ದೀರಿ, ಕೀನ್ಯಾಕ್ಕೆ ಮೂರು ವಾರ ಹೋಗುತ್ತೀರಿ, ಹಾಡು ಕಲಿಸುವುದೋ ಚಿತ್ರ ಬರೆಸುವುದೋ ಎಂಬ ಗೊಂದಲದಲ್ಲಿದ್ದೀರಿ. 2018ರ ಮೇ ತಿಂಗಳಲ್ಲಿ ನಾನೂ ಅಲ್ಲಿಗೆ ಇಂಥದೇ ಸೇವೆಗೆ ಹೊರಟಾಗ ನನ್ನ ಚೀಲದಲ್ಲಿ ನಲವತ್ತು ಡಬ್ಬಿ ಬಣ್ಣದ ಪೆನ್ಸಿಲ್ ಇದ್ದವು. ಒಂದೇ ಮಧ್ಯಾಹ್ನಕ್ಕೆ ಅವು ಖರ್ಚಾದವು. ಉಳಿದ ಆರು ತಿಂಗಳಲ್ಲಿ ನಾನು ಮಾಡಿದ್ದು ಪಾತ್ರೆ ತಿಕ್ಕುವುದು, ಕಟ್ಟಿಗೆ ಹೊರುವುದು ಮತ್ತು ಒಂದು ದೊಡ್ಡ ತಪ್ಪು.

ನಾನು ಹರಿಹರದ ಕಡೆಯ ಹಳ್ಳಿಯವನು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಆದರೂ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಗೆ ಮೇಣದ ಬತ್ತಿ ಹಚ್ಚಿ ಬರುವುದನ್ನು ಅವ್ವ ಎಂದೂ ತಪ್ಪಿಸಿಲ್ಲ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಸಿಸ್ಟರ್ ಒಬ್ಬರು ಕೀನ್ಯಾದ ಕಿಸುಮು ನಗರದ ಅಂಚಿನ ಚರ್ಚೊಂದಕ್ಕೆ ನನ್ನ ಪರವಾಗಿ ಪತ್ರ ಬರೆದರು. ಮತಾಂತರ ಮಾಡಿಬಿಟ್ಟಾರು ಎಂದು ನಿಮ್ಮ ಮನೆಯವರು ಹೆದರುತ್ತಿದ್ದಾರೆ ಎಂದಿದ್ದೀರಿ. ಆ ಆರು ತಿಂಗಳಲ್ಲಿ ಯಾರೂ ನನ್ನನ್ನು ದೇವರ ಬಗ್ಗೆ ಕೇಳಲಿಲ್ಲ. ಹಸಿ ಕಟ್ಟಿಗೆ ಯಾಕೆ ತಂದೆ ಎಂದು ಮಾತ್ರ ಬಹಳ ಸಲ ಕೇಳಿದರು.

ದಿನಚರಿ ಕೇಳಿದ್ದೀರಲ್ಲ. ಮೊದಲ ದಿನ ಅಡುಗೆಯವರು ‘ನಾಳೆ ಹನ್ನೊಂದಕ್ಕೆ ಬಾ’ ಎಂದರು. ನಾನು ಸ್ನಾನ ಮಾಡಿ, ತಲೆ ಬಾಚಿಕೊಂಡು, ಬೆಳಗಿನ ಹನ್ನೊಂದಕ್ಕೆ ಸರಿಯಾಗಿ ಹೋದೆ. ಸ್ವಾಹಿಲಿ ಲೆಕ್ಕದಲ್ಲಿ ಗಂಟೆಗಳನ್ನು ಎಣಿಸುವುದು ನಮ್ಮ ಆರು ಗಂಟೆಯಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ಅವರ ಇರುಳಿನ ಹನ್ನೊಂದು ಎಂದರೆ ನಮ್ಮ ನಸುಕಿನ ಐದು. ನಾನು ಹೋಗುವ ಹೊತ್ತಿಗೆ ಬೆಳಗಿನ ಗಂಜಿ ಕುಡಿದ ಮಕ್ಕಳು ಮನೆ ಸೇರಿದ್ದರು, ತಳ ಹತ್ತಿದ ಪಾತ್ರೆಗಳು ನನಗಾಗಿ ಕಾಯುತ್ತಿದ್ದವು. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮಜ್ಜ ಇದ್ದಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲವೇನೋ.

ಅಡುಗೆಯವರನ್ನು ಎಲ್ಲರೂ ‘ಮಾಮಾ’ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಅದು ಅಮ್ಮ. ಊರಿಗೆ ಫೋನ್ ಮಾಡಿದಾಗಲೆಲ್ಲ ‘ಮಾಮಾ ಅಡುಗೆ ಮಾಡುತ್ತಾರೆ’ ಎನ್ನುತ್ತಿದ್ದೆ. ಅವ್ವ ಎರಡು ತಿಂಗಳು ಅವರನ್ನು ಗಂಡಸು ಎಂದೇ ತಿಳಿದಿದ್ದಳು.

ಬೆಳಿಗ್ಗೆ ಸಣ್ಣ ಮಕ್ಕಳಿಗೆ ‘ಉಜಿ’, ಅಂದರೆ ಗಂಜಿ. ಹಿಟ್ಟಿನ ಚೀಲದ ಬಾಯಿ ಬಿಚ್ಚಿದಾಗ ಬಂದ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಅವರ ‘ವಿಂಬಿ’ ನಮ್ಮ ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ಮಧ್ಯಾಹ್ನ ‘ಉಗಾಲಿ’: ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ‘ಮ್ವಿಕೊ’ ಎಂಬ ಕೋಲಿನಿಂದ ತೊಳಸುವುದು. ಮುದ್ದೆ ಕೋಲು ಹಿಡಿದು ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಆದರೆ ತಿನ್ನುವುದನ್ನು ಹೇಳಿಕೊಡಬೇಕಾಯಿತು. ನಾನು ಅಗಿಯದೆ ನುಂಗುವುದನ್ನು ಕಂಡು ಮಾಮಾ ಗಾಬರಿಯಾಗಿ ಬೆನ್ನು ಗುದ್ದಿದರು. ಅವರು ತುತ್ತನ್ನು ಹೆಬ್ಬೆರಳಿನಿಂದ ಒತ್ತಿ ಕುಳಿ ಮಾಡಿ, ಅದರಲ್ಲಿ ಪಲ್ಯ ಎತ್ತಿಕೊಂಡು, ಅಗಿದು ತಿನ್ನುತ್ತಾರೆ. ಪಲ್ಯ ಹೆಚ್ಚಾಗಿ ‘ಸುಕುಮಾ ವಿಕಿ’ ಎಂಬ ಸೊಪ್ಪಿನದು. ಆ ಹೆಸರಿನ ಅರ್ಥ ‘ವಾರ ತಳ್ಳು’. ಸಂಬಳದ ದಿನದವರೆಗೆ ವಾರ ತಳ್ಳುವ ಸೊಪ್ಪು. ವಾರಕ್ಕೆ ಎರಡು ಸಲ ಮೆಕ್ಕೆಜೋಳದ ಕಾಳು ಮತ್ತು ಹುರುಳಿಕಾಯಿ ಬೀಜ ಸೇರಿಸಿ ಬೇಯಿಸಿದ ‘ಗಿಥೇರಿ’. ಸಸ್ಯಾಹಾರಿಗೆ ಇಷ್ಟು ಧಾರಾಳವಾಗಿ ಸಾಕು. ವಿಕ್ಟೋರಿಯಾ ಸರೋವರದ ‘ಒಮೆನಾ’ ಎಂಬ ಸಣ್ಣ ಒಣಮೀನು ಬೇಯುವ ದಿನ ಮಾತ್ರ ನಾನು ಅಂಗಳದಲ್ಲಿ ಕಟ್ಟಿಗೆ ಒಡೆಯುವ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಐದು ಎಕರೆ ಮೆಕ್ಕೆಜೋಳ ಬೆಳೆಯುತ್ತೇವೆ. ಅಪ್ಪ ಅದನ್ನು ದಾವಣಗೆರೆ ಎ.ಪಿ.ಎಂ.ಸಿ.ಗೆ ಹಾಕುತ್ತಾನೆ, ಅಲ್ಲಿಂದ ಅದು ಕೋಳಿ ಆಹಾರಕ್ಕೆ ಹೋಗುತ್ತದೆ. ಮನೆಯವರು ಅದನ್ನು ತಿನ್ನುವುದು ಎಳೆಯ ತೆನೆ ಸುಟ್ಟಾಗ ಮಾತ್ರ. ಅಲ್ಲಿ ಮನುಷ್ಯರ ಮೂರು ಹೊತ್ತಿನ ಜೀವ ಅದು. ನಮ್ಮದು ಹಳದಿ ಜೋಳ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಮಾಮಾ ಮುಖ ಸಿಂಡರಿಸಿದರು. 1984ರ ಬರಗಾಲದಲ್ಲಿ ಹೊರದೇಶದಿಂದ ಬಂದ ಹಳದಿ ಜೋಳ ತಿಂದ ನೆನಪು ಅವರದು. ಇದನ್ನು ಅಪ್ಪನಿಗೆ ಹೇಳಿದರೆ ಆತ, ‘ನಾನೂ ಶಾಲೆಯಲ್ಲಿ ಅಮೆರಿಕದ ಹಳದಿ ಉಪ್ಪಿಟ್ಟು ತಿಂದವನೇ’ ಎಂದ. ಒಂದು ಕಾಳು ಕಚ್ಚಿ ತೇವ ಎಷ್ಟಿದೆ ಎಂದು ಹೇಳುವುದು ನನಗೆ ಬರುತ್ತಿತ್ತು. ತೇವದ ಜೋಳಕ್ಕೆ ಬೂಸ್ಟು ಹಿಡಿದರೆ ಅದು ವಿಷ. 2004ರಲ್ಲಿ ಕೀನ್ಯಾದಲ್ಲೇ ಅಂಥ ಜೋಳ ತಿಂದು 125 ಜನ ಸತ್ತಿದ್ದಾರೆ. ಹಾಗಾಗಿ ಚೀಲ ಬಂದಾಗಲೆಲ್ಲ ಕಾಳು ಕಚ್ಚಿ ನೋಡುವ ಕೆಲಸ ನನಗೆ ಬಂತು. ನಾನು ಆ ಚರ್ಚಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಷ್ಟರಲ್ಲೇ.

ಈಗ ತಪ್ಪಿನ ಕಥೆ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಸರವಾದರೆ ಕೆಳಗೆ ಹೋಗಿ.

ಎಷ್ಟು ಮಕ್ಕಳು ಉಂಡರು ಎಂಬುದಕ್ಕೆ ಮಾಮಾ ಅವರದೇ ಒಂದು ಲೆಕ್ಕವಿತ್ತು. ಒಂದು ತಟ್ಟೆ ಬಡಿಸಿದರೆ ಪಕ್ಕದ ಡಬ್ಬಿಗೆ ಒಂದು ಬೀಜ. ಊಟ ಮುಗಿದ ಮೇಲೆ ಬೀಜ ಎಣಿಸಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಬೀಜಗಳು ಮರುದಿನದ ಗಿಥೇರಿಗೆ ಹೋಗುತ್ತಿದ್ದವು. ನೂರ ನಲವತ್ತರ ಆಸುಪಾಸು ಬರುತ್ತಿತ್ತು. ನನಗೆ ಇದು ತಮಾಷೆಯಾಗಿ ಕಂಡಿತು. ನಾನು ಬಿ.ಕಾಂ. ಓದಿದವನು. ಮುಂದಿನ ಅವಧಿಗೆ ಎಷ್ಟು ಮಕ್ಕಳಿಗೆ ಹಿಟ್ಟು ಬೇಕು ಎಂದು ದಾನ ಕೊಡುವ ಹೊರದೇಶದ ಸಭೆಯವರು ಜೂನ್‌ನಲ್ಲಿ ಕೇಳಿದಾಗ, ಹೆಸರು ಸಹಿತ ಪಟ್ಟಿ ಮಾಡಿಕೊಡುತ್ತೇನೆ ಎಂದು ನಾನೇ ಮುಂದೆ ಬಿದ್ದೆ. ಪಾದ್ರಿಗಳು ಸಂತೋಷಪಟ್ಟರು. ಮಾಮಾ ಏನೂ ಹೇಳಲಿಲ್ಲ.

ಬಾಗಿಲಿನ ಬಳಿ ಮೇಜು ಹಾಕಿಕೊಂಡು ಕುಳಿತೆ. ಮಗು ಬಂದು ಹೆಸರು ಹೇಳಬೇಕು, ನಾನು ಬರೆಯಬೇಕು, ಆಮೇಲೆ ಊಟ. ನಲವತ್ತು ನಿಮಿಷದಲ್ಲಿ ಎಲ್ಲರೂ ಉಂಡು ಶಾಲೆಗೆ ಮರಳಬೇಕಿತ್ತು. ಕೀನ್ಯಾದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ 2003ರಿಂದ ಉಚಿತ, ಆದರೆ ಅಲ್ಲಿನ ಆ ಶಾಲೆಗಳಲ್ಲಿ ಊಟವಿರಲಿಲ್ಲ. ಸಾಲು ಓಡುತ್ತಿತ್ತು, ನಾನು ತಲೆ ಎತ್ತದೆ ಬರೆಯುತ್ತಿದ್ದೆ. ಮೂರನೆಯ ದಿನ ಪಟ್ಟಿ ನೋಡಿದರೆ ಆರು ಅತಿಯೆನೊ, ಐದು ಒತಿಯೆನೊ, ನಾಲ್ಕು ಅಕಿನ್ಯಿ, ಮೂರು ಒಕೋತ್. ಹುಡುಗರು ಹುಡುಗಿಯರೆನ್ನದೆ ಎಲ್ಲರದೂ ಒಂದೇ ಬಗೆಯ ಕತ್ತರಿಸಿದ ಕೂದಲು, ಒಂದೇ ಸಮವಸ್ತ್ರ. ಹೇಳಲು ನಾಚಿಕೆಯಾಗುತ್ತದೆ, ಮೊದಲ ತಿಂಗಳು ನನಗೆ ಆ ಮುಖಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಸಾಲದ್ದಕ್ಕೆ ಕೆಲವರ ಕೈಯಲ್ಲಿ ತಟ್ಟೆಯ ಜೊತೆ ಒಂದು ಖಾಲಿ ಡಬ್ಬಿ. ನಾನು ತೀರ್ಮಾನಿಸಿದೆ: ಒಂದೇ ಮಗು ಮತ್ತೆ ಮತ್ತೆ ಸಾಲಿಗೆ ಬರುತ್ತಿದೆ, ಡಬ್ಬಿ ತುಂಬಿಸಿಕೊಳ್ಳುತ್ತಿದೆ. ಒಂದು ಹೆಸರಿಗೆ ಒಂದೇ ಸಾಲು ಉಳಿಸಿ ಮಿಕ್ಕವನ್ನು ಹೊಡೆದು ಹಾಕಿದೆ. 146 ಇದ್ದದ್ದು 113 ಆಯಿತು. ಎಕ್ಸೆಲ್‌ನಲ್ಲಿ ಅಂದವಾಗಿ ಬೆರಳಚ್ಚು ಮಾಡಿ ಕಳಿಸಿದೆ. ಒಬ್ಬ ಹುಡುಗಿಯನ್ನು ‘ನಿನ್ನ ಹೆಸರು ಆಗಲೇ ಬಂತು’ ಎಂದು ಗದರಿಸಿದ್ದೆ. ಅವಳು ಹತ್ತು ದಿನ ಬರಲಿಲ್ಲ. ಬಂದಾಗ ತನ್ನ ಹೆಸರು ಮೇರಿ ಎಂದಳು. ಅದನ್ನೂ ಮೋಸವೆಂದೇ ತಿಳಿದೆ.

ಆ ಊರಿನ ಲುವೊ ಜನರು ಮಗುವಿಗೆ ಹುಟ್ಟಿದ ಹೊತ್ತಿನ ಹೆಸರಿಡುತ್ತಾರೆ. ರಾತ್ರಿ ಹುಟ್ಟಿದ ಹೆಣ್ಣು ಅತಿಯೆನೊ, ಗಂಡು ಒತಿಯೆನೊ. ಬೆಳಿಗ್ಗೆ ಹುಟ್ಟಿದ ಹೆಣ್ಣು ಅಕಿನ್ಯಿ, ಮಳೆ ಬರುವಾಗ ಹುಟ್ಟಿದ ಗಂಡು ಒಕೋತ್. ಅವಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಅಪಿಯೊ. ನೂರ ನಲವತ್ತು ಮಕ್ಕಳಲ್ಲಿ ರಾತ್ರಿ ಹುಟ್ಟಿದ ಹುಡುಗಿಯರು ಆರೇಳು ಮಂದಿ ಇರದೆ ಇರುತ್ತಾರೆಯೇ? ಅದರ ಮೇಲೆ ಚರ್ಚಿನಲ್ಲಿ ಇಟ್ಟ, ಮೇರಿಯಂಥ, ಇನ್ನೊಂದು ಹೆಸರು. ಆ ಡಬ್ಬಿ ಮನೆಯಲ್ಲಿದ್ದ ನಡೆಯಲಾರದ ತಮ್ಮ ತಂಗಿಯರಿಗೆ, ಮಾಮಾಗೆ ಅದು ಗೊತ್ತಿದ್ದೇ ತುಂಬುತ್ತಿದ್ದರು, ಅದಕ್ಕೂ ಒಂದು ಬೀಜ ಹಾಕುತ್ತಿದ್ದರು. ನನಗೆ ಕ್ಷಮೆಯೇ ಇಲ್ಲದ ಸಂಗತಿ ಇದು: ನಾನು ಓದಿದ ಏಳನೆಯ ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದರು. ಮಂಜುನಾಥ ಕೆ., ಮಂಜುನಾಥ ಟಿ., ದಪ್ಪ ಮಂಜ, ಅಂಗಡಿ ಮಂಜ. ನಾಲ್ವರಿಗೂ ಬಿಸಿಯೂಟ ಸಿಗುತ್ತಿತ್ತು. ಯಾವ ಮೇಷ್ಟರೂ ಮೂವರನ್ನು ಹೊಡೆದು ಹಾಕಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹೊಸ ಅವಧಿ ಶುರುವಾದಾಗ 113 ಮಕ್ಕಳ ಲೆಕ್ಕದ ಹಿಟ್ಟು ಬಂತು. ಮಾಮಾ ಯಾರನ್ನೂ ವಾಪಸ್ ಕಳಿಸುವವರಲ್ಲ. ಗಂಜಿ ನೀರಾಯಿತು, ಉಗಾಲಿಯ ಗಾತ್ರ ಇಳಿಯಿತು. ಮೂವತ್ತಮೂರು ಪಾಲು, ಪಾಲಿಗೆ ನೂರೈವತ್ತು ಗ್ರಾಂ, ತಿಂಗಳಿಗೆ ಇಪ್ಪತ್ತೆರಡು ದಿನ: ಸುಮಾರು 109 ಕೆ.ಜಿ. ಅಲ್ಲಿನ ಜೋಳದ ಚೀಲ 90 ಕೆ.ಜಿ.ಯದು. ಅಂದರೆ ತಿಂಗಳಿಗೆ ಒಂದು ಚೀಲಕ್ಕಿಂತ ಹೆಚ್ಚನ್ನು ನಾನು ಒಂದು ಗೀಟಿನಲ್ಲಿ ಕಸಿದುಕೊಂಡಿದ್ದೆ. ಈ ಲೆಕ್ಕ ನನಗೆ ಆಮೇಲೆ ಹೊಳೆದದ್ದು. ಆಗ ನಾನು ದಾನಿಗಳನ್ನೇ ಬೈಯುತ್ತ ತಿರುಗುತ್ತಿದ್ದೆ.

ಒಂದು ಮಧ್ಯಾಹ್ನ ಮಾಮಾ ಬೀಜದ ಡಬ್ಬಿಯನ್ನು ನನ್ನ ಮುಂದೆ ಸುರಿದು ಎಣಿಸು ಎಂದರು. ಎಣಿಸಿದೆ, 146. ನಂತರ ಅವರು ಅಂಗಳದ ಕಡೆ ತಿರುಗಿ ‘ಅತಿಯೆನೊ!’ ಎಂದು ಕೂಗಿದರು. ಏಳು ಹುಡುಗಿಯರು ತಿರುಗಿ ನೋಡಿದರು. ಏಳನೆಯವಳು ಮೇರಿ.

ದಾನಿಗಳಿಗೆ ಬರೆದೆ. ಜನವರಿಯಿಂದ ಸರಿಪಡಿಸುತ್ತೇವೆ ಎಂದರು. ನವೆಂಬರ್‌ವರೆಗಿನ ಮೂರು ತಿಂಗಳ ಕೊರತೆಗೆ ನಾಲ್ಕು ಚೀಲ ಬೇಕಿತ್ತು. ನನ್ನ ಬಳಿ ಅಷ್ಟು ಹಣವಿರಲಿಲ್ಲ, ಅಪ್ಪನನ್ನು ಕೇಳಿದೆ. ಹಿಂದಿನ ಸಲ ಕೋಳಿಗೆ ಹೋದ ಜೋಳದ ದುಡ್ಡಿನಲ್ಲಿ ಆತ ಕಳಿಸಿಕೊಟ್ಟ. ಅವ್ವ ಫೋನಿನಲ್ಲಿ ಸಿಟ್ಟಾಗಿದ್ದಳು, ದುಡ್ಡಿಗಲ್ಲ. ‘ಪಂಕ್ತಿಗೆ ಕೂತವರ ಹೆಸರು ಕೇಳಲು ನಿನಗೆ ಯಾರು ಕಲಿಸಿದರು?’ ಎಂದಳು. ಮಠದ ದಾಸೋಹದಲ್ಲಿ ಉಂಡು ಬೆಳೆದವನಿಗೆ ಆ ಮಾತು ಈಗಲೂ ನಾಟುತ್ತದೆ. ಅಕ್ಟೋಬರ್ ಕೊನೆಯವರೆಗೆ ನನ್ನನ್ನು ಮೇಜಿನ ಹತ್ತಿರ ಬಿಡಲಿಲ್ಲ, ಪಾತ್ರೆ ತಿಕ್ಕುವ ಕಡೆಗೆ ಹಾಕಿದರು. ವಿಚಿತ್ರವೆಂದರೆ ಮಕ್ಕಳು ನನ್ನ ಜೊತೆ ಮಾತನಾಡತೊಡಗಿದ್ದು ಅಲ್ಲಿಂದಲೇ. ತಟ್ಟೆ ತಂದುಕೊಡುವಾಗ ಒಬ್ಬೊಬ್ಬರೂ ಒಂದು ಕ್ಷಣ ನಿಲ್ಲುತ್ತಿದ್ದರು, ‘ಮುಹಿಂದಿ’ ಎಂದು ಕರೆದು ನಗುತ್ತಿದ್ದರು. ಹಿಂದೂಸ್ತಾನದವನು ಎಂದರ್ಥ. 1901ರಲ್ಲಿ ಕಿಸುಮುವಿಗೆ ರೈಲು ಹಳಿ ಮುಟ್ಟಿಸಿದ್ದರಲ್ಲಿ ನಮ್ಮ ದೇಶದ ಕೂಲಿಗಳ ಬೆವರಿದೆ, ಹಾಗಾಗಿ ನಮ್ಮ ಮುಖ ಅವರಿಗೆ ಹೊಸದಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೂರು ವಾರಕ್ಕಾದರೆ ಹೋಗಬೇಡಿ. ಮೂರು ವಾರದಲ್ಲಿ ನನಗೆ ಮುಖಗಳೇ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಆರು ತಿಂಗಳು ಸಾಧ್ಯವಿದ್ದರೆ ಹೋಗಿ, ಮಕ್ಕಳ ಜೊತೆಗಿನ ಕೆಲಸ ಕೇಳಬೇಡಿ, ಅಡುಗೆಮನೆ ಕೇಳಿ. ಅದಕ್ಕೂ ಮುಂಚೆ ನಿಮ್ಮೂರ ಶಾಲೆಯಲ್ಲಿ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಬಿಸಿಯೂಟದ ಅಡುಗೆಯವರ ಕೈಕೆಳಗೆ ಹದಿನೈದು ದಿನ ತರಕಾರಿ ಹೆಚ್ಚಿ. ಅಲ್ಲಿ ಸೊಂಟ ನೋಯದಿದ್ದರೆ ಮುಂದಿನ ಮಾತು.

ಕಾಗದದ ಕೆಲಸ: ಸಂಬಳವಿಲ್ಲದ ಸೇವೆಗೂ ಕೀನ್ಯಾದಲ್ಲಿ ಪರವಾನಗಿ ಬೇಕು, ಕರೆಸಿಕೊಳ್ಳುವವರೇ ಅದಕ್ಕೆ ಅರ್ಜಿ ಹಾಕಬೇಕು. ಪ್ರವಾಸಿ ಎಂದು ಹೇಳಿ ಬನ್ನಿ ಎನ್ನುವವರ ಸಹವಾಸ ಬೇಡ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ, ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಆ ಪ್ರಮಾಣಪತ್ರವಿಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಕೂಡಿಡುತ್ತಾರೆ. ಸರೋವರದ ಸುತ್ತ ಮಲೇರಿಯಾ ಜೋರು, ಸೊಳ್ಳೆ ಪರದೆಯ ವಿಷಯದಲ್ಲಿ ಧೈರ್ಯ ತೋರಿಸಬೇಡಿ.

ಚರ್ಚಿಗೆ ಬರೆಯುವಾಗ ಒಂದೇ ಪ್ರಶ್ನೆ ಕೇಳಿ: ಅಡುಗೆ ಯಾರು ಮಾಡುತ್ತಾರೆ? ಉತ್ತರದಲ್ಲಿ ಬಣ್ಣದ ಚಿತ್ರಗಳೂ ಶುಲ್ಕದ ವಿವರವೂ ಬಂದರೆ ಬಿಟ್ಟುಬಿಡಿ. ನನಗೆ ಬಂದ ಮೊದಲ ಪತ್ರದ ಮೊದಲ ಸಾಲಿನಲ್ಲೇ ಮಾಮಾ ಹೆಸರಿತ್ತು. ಪ್ರಯಾಣದ ದಿನಾಂಕ ಎಲ್ಲಿದೆ ಎಂದು ಹುಡುಕುವ ಭರದಲ್ಲಿ ನಾನು ಆ ಸಾಲನ್ನು ಓದಿರಲಿಲ್ಲ.