ಜನರೇಟರಿಗೆ ಕೊಡೆ ಬೇಕು, ಕೋಣೆ ಬೇಡ

ಓದುಗರು ಕೇಳಿದ್ದು, ಮೆಕ್ಯಾನಿಕ್ ಹೇಳಿದ್ದು

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂಟಿ ಮನೆ. ಹೋದ ಮಳೆಗಾಲದಲ್ಲಿ ಮರ ಬಿದ್ದು ಐದು ದಿನ ಕರೆಂಟು ಇರಲಿಲ್ಲ. ಅದಕ್ಕೇ 2.5 ಕೆವಿಎ ಪೆಟ್ರೋಲ್ ಜನರೇಟರು ತಂದಿದ್ದೇವೆ. ಫ್ರಿಜ್ಜು, ನಾಲ್ಕು ದೀಪ, ದಿನಕ್ಕೊಮ್ಮೆ ಬಾವಿ ಪಂಪು, ಇಷ್ಟೇ ಉಪಯೋಗ. ಆದರೆ ಮಳೆಯಲ್ಲಿ ಅದನ್ನು ಇಡುವುದು ಎಲ್ಲಿ? ಬಚ್ಚಲುಮನೆಯಲ್ಲಿಟ್ಟು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಎನ್ನುತ್ತಾನೆ ಮಗ. ನನಗೆ ಹಿಂದಿನ ಜಗಲಿಯೇ ವಾಸಿ ಅನ್ನಿಸುತ್ತದೆ. ಕಳ್ಳರ ಭಯವೂ ಇದೆ.
– ಓದುಗರೊಬ್ಬರು, ಕೊಪ್ಪ ತಾಲ್ಲೂಕು

ಉತ್ತರ: ಎರಡೂ ಬೇಡ. ಬಚ್ಚಲಂತೂ ಬೇಡವೇ ಬೇಡ.

ಜಗಲಿಯ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಬಂದದ್ದು ನಾನೇ ಆ ತಪ್ಪು ಮಾಡಿದ್ದರಿಂದ. ತೀರ್ಥಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟು ಆಗಲೇ ಎಷ್ಟೋ ವರ್ಷ ಆಗಿತ್ತು. ಒಂದು ಆಷಾಢದಲ್ಲಿ ಗಿರಾಕಿಯೊಬ್ಬರ ಜನರೇಟರು ರಿಪೇರಿ ಮಾಡಿ, ಟೆಸ್ಟಿಂಗ್ ನೆಪದಲ್ಲಿ ಮನೆಗೆ ತಂದೆ. ಹಿಂದಿನ ಜಗಲಿಯಲ್ಲಿಟ್ಟು ಶುರು ಮಾಡಿದೆ. ಒಂದು ಬದಿ ಪೂರ್ತಿ ತೆರೆದ ಜಗಲಿ, ಗಾಳಿಗೇನು ಕೊರತೆ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ ಆಗಿರಬೇಕು. ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದ ಹೆಂಡತಿ ತಲೆ ಸಿಡಿಯುತ್ತಿದೆ ಅಂದಳು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ ವಾಂತಿ ಮಾಡಿಕೊಂಡರು. ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆವು. ಪೆಟ್ರೋಲು ಮುಗಿದು ಯಂತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಚೆನ್ನಾಗಾದರು. ಕಷಾಯದ ಗುಣ ಅಂದುಕೊಂಡೆವು! ಮರುದಿನ ಮತ್ತೆ ಶುರು ಮಾಡಿದಾಗ ಮತ್ತೆ ತಲೆನೋವು. ಆಗ ನನಗೆ ಬೆವರು ಬಂತು. ಹೊಗೆ ವಾಸನೆ ಒಳಗೆ ಅಷ್ಟೇನೂ ಇರಲಿಲ್ಲ. ನಮ್ಮದು ಹೆಂಚಿನ ಮನೆ. ಗೋಡೆ ಮುಗಿದು ಮಾಡು ಶುರುವಾಗುವಲ್ಲಿ ಉದ್ದಕ್ಕೂ ಸಂದು. ಜಗಲಿಯ ಮಾಡಿನ ಕೆಳಗೆ ತುಂಬಿದ್ದೆಲ್ಲ ಅಲ್ಲಿಂದ ಸೀದಾ ಒಳಗೆ ಬಂದಿತ್ತು.

ಹಾಗೆ ಬಂದದ್ದು ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಗಾಳಿಯ ಹತ್ತು ಸಾವಿರ ಭಾಗದಲ್ಲಿ ನಾಲ್ಕು ಭಾಗ ಇದ್ದರೂ ಒಂದೆರಡು ಗಂಟೆಯಲ್ಲಿ ತಲೆನೋವು. ಹದಿನಾರು ಭಾಗವಾದರೆ ಎರಡು ಗಂಟೆಯೊಳಗೆ ಪ್ರಾಣಕ್ಕೇ ಸಂಚಕಾರ. ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿ ಓದುತ್ತೇವಲ್ಲ, ಅಲ್ಲಿಯೂ ಕೊಲ್ಲುವುದು ಇದೇ.

ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಜ್ವರ ಮಾತ್ರ ಇಲ್ಲ ಅಂದರೆ ಕಷಾಯ ಕಾಯಿಸುತ್ತ ಕೂರಬೇಡಿ. ಮೊದಲು ಎಲ್ಲರನ್ನೂ ಅಂಗಳಕ್ಕೆ ಕರೆತನ್ನಿ. ಮಳೆ ಬರುತ್ತಿದ್ದರೂ ಸರಿ. ಆಮೇಲೆ 108ಕ್ಕೆ ಫೋನು ಮಾಡಿ. ಇನ್ನೊಂದು ಮಾತು: ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ತೋರಿಸಿತು ಅಂತ ಸಮಾಧಾನ ಪಡಬೇಡಿ. ಈ ವಿಷ ಹಿಡಿದ ರಕ್ತವೂ ಅದಕ್ಕೆ ಒಳ್ಳೆಯ ರಕ್ತದ ಹಾಗೆಯೇ ಕಾಣುತ್ತದೆ.

ಈಗ ನಿಮ್ಮ ಮಗನ ಫ್ಯಾನಿನ ವಿಚಾರ. ಹುಡುಗ ಯೋಚನೆ ಮಾಡಿದ್ದಾನೆ, ಇಲ್ಲ ಅನ್ನುವುದಿಲ್ಲ. ಆದರೆ ಕೋಣೆಯೊಳಗೆ ಇಂಜಿನ್ ಓಡುವಾಗ ಫ್ಯಾನು, ತೆರೆದ ಕಿಟಕಿ ಯಾವುದನ್ನೂ ನಂಬುವ ಹಾಗಿಲ್ಲ. ಹೊರಗೆ ಜೋರು ಗಾಳಿ ಬೀಸಿದರೆ ಆ ಫ್ಯಾನಿನ ತೂತಿನಿಂದಲೇ ಹೊಗೆ ವಾಪಸು ಬರುತ್ತದೆ. ಸೈಲೆನ್ಸರಿಗೆ ಉದ್ದ ಪೈಪು ಬೆಸೆದು ಗೋಡೆಯಾಚೆ ಬಿಡುವುದನ್ನೂ ನೋಡಿದ್ದೇನೆ. ನಡುಗುವ ಯಂತ್ರ, ಜಾಯಿಂಟು ಸಡಿಲವಾಗುತ್ತದೆ. ಸೋರುವುದು ಕೋಣೆಯೊಳಗೇ.

ಬಿಸಿಯ ಲೆಕ್ಕವನ್ನೂ ನೋಡಿ. ಒಂದು ಲೀಟರು ಪೆಟ್ರೋಲಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಯೂನಿಟ್ಟು ಶಕ್ತಿ ಇರುತ್ತದೆ. ನಿಮ್ಮಂಥ ಯಂತ್ರ ಅದರಲ್ಲಿ ಕರೆಂಟು ಮಾಡಿಕೊಡುವುದು ಬರೀ ಎರಡು ಯೂನಿಟ್ಟು. ಉಳಿದ ಏಳು ಬಿಸಿಯಾಗಿ ಹೊರಗೆ ಬರುತ್ತದೆ. ಗಂಟೆಗೆ ಒಂದು ಲೀಟರು ಸುಟ್ಟರೆ ಸಣ್ಣ ಬಚ್ಚಲಲ್ಲಿ ಸಾವಿರ ವ್ಯಾಟಿನ ಏಳು ರೂಮ್ ಹೀಟರು ಉರಿಸಿದ ಹಾಗೆ! ಯಂತ್ರ ತನ್ನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಬೇಯುತ್ತದೆ.

ಇನ್ನು ನಿಮ್ಮ ಬಚ್ಚಲಲ್ಲಿ ಹಂಡೆ ಒಲೆ ಇರಲೇಬೇಕು, ಅಲ್ವಾ? ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ, ಕೆಂಡ ಇರುವ ಕಡೆಗೂ ಹೋಗುತ್ತದೆ. ಮುಂದಿನದ್ದನ್ನು ನಾನು ಬರೆಯಬೇಕಿಲ್ಲ.

ಹಾಗಾದರೆ ಎಲ್ಲಿ ಇಡುವುದು? ಅಂಗಳದಲ್ಲಿ, ನಾಲ್ಕು ಕಂಬದ ಮೇಲೆ ಒಂದು ಜಿಂಕ್ ಶೀಟಿನ ಮಾಡು ಮಾಡಿಸಿ. ಗೋಡೆ ಇಲ್ಲದ ಚಪ್ಪರ ಅಂದುಕೊಳ್ಳಿ. ಮನೆಯಿಂದ, ಕೊಟ್ಟಿಗೆಯಿಂದ ಕನಿಷ್ಠ 20 ಅಡಿ ದೂರ ಇರಲಿ. ನಾನು ನಾಲ್ಕು ಮಾರು ಅಳೆಯುತ್ತೇನೆ. ನಮ್ಮಲ್ಲಿ ಮಳೆಗಾಲದ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಆದ್ದರಿಂದ ಮನೆಯ ಮೂಡಣ ಬದಿಯಲ್ಲಿ ಇಟ್ಟು ಸೈಲೆನ್ಸರಿನ ಬಾಯಿ ತೋಟದ ಕಡೆಗೆ ತಿರುಗಿಸಿ. ಹಾಗಂತ ಗೋಡೆಗೆ ಹತ್ತಿರ ತರಬೇಡಿ. ಮನೆಯ ಮರೆಯಲ್ಲಿ ಗಾಳಿ ಸುಳಿ ಸುತ್ತಿ ವಾಪಸು ಬರುತ್ತದೆ. ಆ ಬದಿಯ ಕಿಟಕಿ ಬಾಗಿಲು ಮುಚ್ಚಿರಲಿ.

ಯಂತ್ರ ಎರಡಡಿ ಅಗಲ ಇದ್ದರೂ ಮಾಡು ಎಂಟಡಿಗೆ ಎಂಟಡಿ ಇರಲಿ. ಸುತ್ತ ಮೂರಡಿ ಚಾಚಿಕೊಂಡಿದ್ದರೆ ಎರಚಲು ಅಷ್ಟಾಗಿ ತಾಗುವುದಿಲ್ಲ. ಎತ್ತರ ಆರೂವರೆ, ಏಳಡಿ. ಸೋಗೆ, ದಬ್ಬೆ ಬೇಡ, ಬೆಂಕಿ ಹಿಡಿಯುತ್ತದೆ. ಎರಚಲು ಜಾಸ್ತಿ ಅಂತ ಸುತ್ತ ಟಾರ್ಪಾಲು ಇಳಿಬಿಟ್ಟರೆ ಮತ್ತೆ ಕೋಣೆಯೇ ಆಯಿತು. ತಡೆಯಲಾಗದಿದ್ದರೆ ಪಡುವಣದ ಒಂದೇ ಬದಿಗೆ ತಗಡು ಹೊಡೆಯಿರಿ, ಯಂತ್ರಕ್ಕೂ ತಗಡಿಗೂ ಮೂರಡಿ ಅಂತರ ಬಿಡಿ. ಉಳಿದ ಮೂರು ಬದಿ ತೆರೆದೇ ಇರಲಿ. ಆಗುಂಬೆ ಬದಿಯ ಜಡಿಮಳೆ ಅಡ್ಡಡ್ಡ ಬಂದು ಯಂತ್ರವನ್ನೇ ತೋಯಿಸುತ್ತಿದ್ದರೆ ಅಷ್ಟು ಹೊತ್ತು ಆಫ್ ಮಾಡಿ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಮೂರು ನಾಲ್ಕು ಗಂಟೆ ತಡೆಯುತ್ತದೆ.

ಕೆಳಗೆ ಒಂದಡಿ ಎತ್ತರದ ಸಿಮೆಂಟು ಕಟ್ಟೆ ಇರಲಿ, ಮಟ್ಟವಾಗಿರಲಿ. ವಾಲಿದರೆ ಇಂಜಿನ್ ಆಯಿಲ್ ಅಳತೆ ತಪ್ಪುತ್ತದೆ. ಕಟ್ಟೆ ಕಟ್ಟುವಾಗಲೇ ಒಂದು ಕಬ್ಬಿಣದ ಕೊಂಡಿ ಹೂತುಬಿಡಿ. ಸರಪಳಿ, ಬೀಗ. ಕಳ್ಳರಿಗೆ ಅಷ್ಟು ಸಾಕು. ಮನೆಗೆ ಎಳೆಯುವ ವೈರು ಮೂರು ಕೋರಿನದು, 2.5 ಸ್ಕ್ವೇರ್ ಎಂಎಂ, ನಡುವೆ ಟೇಪು ಸುತ್ತಿದ ಜಾಯಿಂಟು ಇಲ್ಲದ್ದು. ಯಂತ್ರದ ಮೈಗೆ ಅರ್ಥಿಂಗ್ ಕೊಡಿಸಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಪೆಟ್ರೋಲು ಹಾಕುವಾಗ ಯಂತ್ರ ನಿಲ್ಲಿಸಿ, ಸೈಲೆನ್ಸರು ಆರುವವರೆಗೆ ಕಾಯಿರಿ. ಅರ್ಧ ಗಂಟೆ ಕತ್ತಲಲ್ಲಿ ಕೂತರೆ ಏನೂ ಆಗುವುದಿಲ್ಲ. ಸೀರಿಯಲ್ ಮಧ್ಯೆ ನಿಂತಿತು ಅಂತ ಓಡಿ ಹೋಗಿ ಬಿಸಿ ಇಂಜಿನ್ನಿಗೆ ಪೆಟ್ರೋಲು ಸುರಿದು ಮುಂಗೈ ಸುಟ್ಟುಕೊಂಡವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಮಲಗುವ ಮೊದಲು ಆಫ್ ಮಾಡಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಒಂದು ತರಿಸಿ ಮಲಗುವ ಕೋಣೆಯಲ್ಲಿಡಿ. ಹೊಗೆಯ ಅಲಾರಂ ಬೇರೆ, ಅದು ಇದಕ್ಕೆ ಆಗುವುದಿಲ್ಲ.

ಪ್ರಶ್ನೆ: ಎರಡೂ ತುದಿಗೆ ಪ್ಲಗ್ಗು ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟರೆ ಮನೆಗೆಲ್ಲ ಕರೆಂಟು ಬರುತ್ತದೆ. ಮೇನ್ ಆಫ್ ಮಾಡಿಯೇ ಮಾಡುತ್ತೇವೆ. ಆದರೂ ತಪ್ಪೇ?
– ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪು. ಒಂದು ದಿನ ಮೇನ್ ಆಫ್ ಮಾಡಲು ಮರೆತಿರೋ, ನಿಮ್ಮ ಕರೆಂಟು ಮೀಟರು ದಾಟಿ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಅಲ್ಲಿ ಉಲ್ಟಾ ಏರಿ 11,000 ವೋಲ್ಟಿನ ಲೈನಿಗೆ ಸೇರುತ್ತದೆ. ಲೈನು ಸತ್ತಿದೆ ಅಂತ ನಂಬಿ, ಬಿದ್ದ ಮರ ಕಡಿದು ತಂತಿ ಕಟ್ಟುತ್ತಿರುವ ಲೈನ್‌ಮನ್ ಕಂಬದ ಮೇಲಿರುತ್ತಾನೆ. ನಮಗೇ ಕರೆಂಟು ಕೊಡಲು ಮಳೆಯಲ್ಲಿ ನೆನೆಯುತ್ತ ಬಂದವನು ಅವನು. ಅದೂ ಅಲ್ಲದೆ ಆ ವೈರಿನ ಒಂದು ತುದಿ ಕಳಚಿದರೆ ಬರಿಯ ಪಿನ್ನುಗಳಲ್ಲೇ ಕರೆಂಟು ಇರುತ್ತದೆ.

ಫೇಸು, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಚೇಂಜ್ ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ನಿಮ್ಮ ಆ ವೈರನ್ನು ಇವತ್ತೇ ಕತ್ತರಿಸಿಬಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಯುಟಿಲಿಟಿ ಬಾಲ್ಕನಿಯಲ್ಲಿ ಸಣ್ಣ ಜನರೇಟರು ಇಡಬಹುದೇ?

ಉತ್ತರ: ಇಡಬಾರದು. ನಿಮ್ಮ ಹೊಗೆ ಮೇಲಿನ ಮನೆಯ ಕಿಟಕಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಅಡುಗೆಮನೆಗೇ ಬರುತ್ತದೆ. ಇನ್ವರ್ಟರು ಕೊಳ್ಳಿ. 150 ಎಎಚ್‌ನ ಒಂದು ಹೊಸ ಬ್ಯಾಟರಿ ಇದ್ದರೆ ಎರಡು ಫ್ಯಾನು, ಮೂರು ದೀಪ, ವೈಫೈ, ಎಲ್ಲ ಸೇರಿ 200 ವ್ಯಾಟ್ ಅಂದುಕೊಂಡರೂ ಐದಾರು ಗಂಟೆ ನಡೆಯುತ್ತದೆ. ಆ ಬ್ಯಾಟರಿಗೂ ಗಾಳಿಯಾಡುವ ಜಾಗವೇ ಬೇಕು. ನೀರು ಹಾಕುವಂಥ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಹಗುರ, ಮೇಲಕ್ಕೆ ಏರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಜಾಗ ಇಲ್ಲ ಅಂತ ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿ ಮಾತ್ರ ಇಡಬೇಡಿ, ಮೇಲೆ ದೀಪ ಹಚ್ಚಿರುತ್ತೀರಿ.