ಐದು ಬಾಲ್ ಪೈಥಾನ್‌ಗಳಿಗೆ ಬಿಸಿ ರ‍್ಯಾಕ್: ನಾವೇ ಕಟ್ಟಿಕೊಳ್ಳುವುದೇ, ಸಿದ್ಧವಾದದ್ದನ್ನು ಕೊಳ್ಳುವುದೇ?

ನೀವು ಅಮೆರಿಕದ ಒಹಾಯೋದಲ್ಲಿದ್ದೀರಿ, ಬೆಳೆದ ಐದು ಬಾಲ್ ಪೈಥಾನ್‌ಗಳಿವೆ (ಸಣ್ಣ ಜಾತಿಯ ಹೆಬ್ಬಾವು), ನೆಲಮಾಳಿಗೆಯಲ್ಲಿ ಜಾಗವಿದೆ, ಕೈಯಲ್ಲಿ ಒಂದು ಸರ್ಕ್ಯುಲರ್ ಗರಗಸ ಮತ್ತು ಡ್ರಿಲ್ ಇದೆ. ಹಾವಿನ ಪ್ಲಾಸ್ಟಿಕ್ ಟಬ್‌ಗಳನ್ನು ಡ್ರಾಯರ್‌ನಂತೆ ತೂರಿಸಿಡುವ ಬಿಸಿ ರ‍್ಯಾಕನ್ನು ನೀವೇ ಕಟ್ಟಿದರೆ ಎಷ್ಟು ದುಡ್ಡು ಉಳಿಯುತ್ತದೆ ಎಂಬುದು ನಿಮ್ಮ ಪ್ರಶ್ನೆ. ನನ್ನ ಉತ್ತರ: ಈ ಗಾತ್ರದ ಹಾವುಗಳಿಗೆ, ಇಷ್ಟೇ ಉಪಕರಣಗಳಿದ್ದರೆ, ಕೊಳ್ಳಿ. ಮರಿಗಳಿಗೆ ಚಿಕ್ಕ ಡಬ್ಬಿಗಳ ರ‍್ಯಾಕ್ ಬೇಕಿದ್ದರೆ ಧಾರಾಳವಾಗಿ ಕಟ್ಟಿ.

ಲೆಕ್ಕ ಹಾಕುವಾಗ ಬಹಳ ಜನ ತಪ್ಪುವುದು ಇಲ್ಲೇ. ಟಬ್‌ಗಳು, ಹೀಟ್ ಟೇಪ್ (ಟಬ್ಬಿನಡಿ ಹಾಸುವ, ವಿದ್ಯುತ್ತಿನಿಂದ ಕಾಯುವ ತೆಳು ಪ್ಲಾಸ್ಟಿಕ್ ಪಟ್ಟಿ), ವೈರು, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇವನ್ನು ಎರಡೂ ದಾರಿಯಲ್ಲಿ ದುಡ್ಡು ಕೊಟ್ಟೇ ತರಬೇಕು. ಕಟ್ಟಿದರೆ ಉಳಿಯುವುದು ಚೌಕಟ್ಟಿನ ಬೆಲೆ ಮತ್ತು ಸಾಗಣೆ ವೆಚ್ಚ ಮಾತ್ರ. ಆದ್ದರಿಂದ ಸಿದ್ಧ ರ‍್ಯಾಕ್‌ನ ಬೆಲೆ ಕೇಳುವಾಗ ಟಬ್ ಸೇರಿದೆಯೇ, ಟೇಪ್ ಅಂಟಿಸಿ ವೈರಿಂಗ್ ಮಾಡಿ ಕೊಡುತ್ತಾರೆಯೇ, ಲಾರಿಯವರು ರಸ್ತೆ ಅಂಚಿನಲ್ಲಿ ಇಳಿಸಿ ಹೋಗುತ್ತಾರೆಯೇ ಅಥವಾ ಮನೆಯೊಳಗೆ ತರುತ್ತಾರೆಯೇ ಎಂದು ವಿಚಾರಿಸಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ ಬೇರೆಯೇ ಕೊಳ್ಳಬೇಕು.

ಆದರೂ ಕಟ್ಟುವುದೇ ಎಂದಾದರೆ, ಮೊದಲು ಟಬ್ ಕೊಳ್ಳಿ, ಹಲಗೆ ಆಮೇಲೆ. ಸೂಪರ್‌ಮಾರ್ಕೆಟ್‌ನ ಸಾಮಾನು ಡಬ್ಬಿ ಅಗ್ಗ, ನಿಜ. ಆದರೆ ತಯಾರಕರು ಹೇಳದೆ ಕೇಳದೆ ಅಚ್ಚು ಬದಲಿಸುತ್ತಾರೆ. ಎರಡು ವರ್ಷದ ಮೇಲೆ ಒಂದು ಒಡೆದರೆ ಅದೇ ಅಳತೆಯದು ಸಿಗದೆ ಆ ಅಂತಸ್ತೇ ದಂಡ. ವಿಷನ್, ಫ್ರೀಡಂ ಬ್ರೀಡರ್‌ನಂಥವರ ಟಬ್‌ಗಳು ಹಾವು ಸಾಕುವವರಿಗೆಂದೇ ಮಾಡಿದವು, ಬಿಡಿಯಾಗಿ ಸಿಗುತ್ತವೆ. ತಂದ ಐದನ್ನೂ ಅಳೆಯಿರಿ. ಒಂದೇ ಮಾದರಿಯವಾದರೂ ಮಿಲಿಮೀಟರ್‌ಗಟ್ಟಲೆ ವ್ಯತ್ಯಾಸ ಇರುತ್ತದೆ.

ರ‍್ಯಾಕ್‌ನಲ್ಲಿ ಟಬ್‌ಗೆ ಮುಚ್ಚಳ ಇರುವುದಿಲ್ಲ, ಮೇಲಿನ ಹಲಗೆಯೇ ಮುಚ್ಚಳ. ಹಾಗಾಗಿ ಟಬ್‌ನ ಅಂಚಿಗೂ ಹಲಗೆಗೂ ನಡುವೆ 2 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬಿಡಬಾರದು. ಅದಕ್ಕಿಂತ ಹೆಚ್ಚಾದರೆ ಹಾವು ಮೂತಿ ತೂರಿಸಿ ತಳ್ಳಲು ಶುರುಮಾಡುತ್ತದೆ, ಮೂತಿ ಉಜ್ಜಿ ಗಾಯವಾಗುತ್ತದೆ, ಮರಿಯಾದರೆ ಹೊರಗೇ ಹೋಗುತ್ತದೆ. ಸಂದು ಕಡಿಮೆಯಾದರೆ ಟಬ್ ಸಿಕ್ಕಿಕೊಂಡು ಎಳೆದಾಗ ನೀರಿನ ಬಟ್ಟಲು ತುಳುಕುತ್ತದೆ. ಒಂದೊಂದು ಹಲಗೆಗೂ ಅಳತೆ ಟೇಪ್ ಹಿಡಿದು ಗುರುತು ಹಾಕುತ್ತ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ. ಟಬ್‌ನ ಎತ್ತರಕ್ಕೆ 2 ಮಿಲಿಮೀಟರ್ ಸೇರಿಸಿ ಒಂದೇ ಎತ್ತರದ ನಾಲ್ಕು ಮರದ ತುಂಡು ಕತ್ತರಿಸಿಟ್ಟುಕೊಳ್ಳಿ. ಅವನ್ನು ಕೆಳಗಿನ ಹಲಗೆಯ ಮೇಲೆ ನಿಲ್ಲಿಸಿ, ಮುಂದಿನ ಹಲಗೆ ಕೂರಿಸಿ, ಸ್ಕ್ರೂ ಬಿಗಿದು, ತುಂಡು ತೆಗೆದು ಮೇಲಕ್ಕೆ ಹೋಗಿ.

ಹಲಗೆಗೆ ಮುಕ್ಕಾಲು ಇಂಚಿನ ಮೆಲಮೈನ್ (ನುಣುಪು ಪದರ ಹಚ್ಚಿದ ಪಾರ್ಟಿಕಲ್ ಬೋರ್ಡ್) ಅಗ್ಗ. ಹಲಗೆ 34 ಇಂಚು ಆಳ, 18 ಇಂಚು ಅಗಲ ಎಂದಿಟ್ಟುಕೊಂಡರೆ ಐದು ಅಂತಸ್ತಿಗೆ ಆರು ಹಲಗೆ ಮತ್ತು ಎರಡು ಪಕ್ಕ ಬೇಕು, 4×8 ಅಡಿಯ ಎರಡು ಶೀಟಿನಲ್ಲಿ ಮುಗಿಯುತ್ತದೆ. ಆರನೆಯ ಅಂತಸ್ತಿಗೆ ಆಸೆಪಟ್ಟರೆ ಮೂರನೆಯ ಶೀಟು ಬೇಕಾಗುತ್ತದೆ. ಖಾಲಿ ಚೌಕಟ್ಟೇ 55–60 ಕೆಜಿ ತೂಗುತ್ತದೆ, ನೆಲಮಾಳಿಗೆಯ ಮೆಟ್ಟಿಲು ಇಳಿಸುವ ಮುಂಚೆ ಇದನ್ನು ಯೋಚಿಸಿ. ಅರ್ಧ ಇಂಚಿನ ಫೋಮ್ ಪಿವಿಸಿ ಇದರ ಅರ್ಧ ತೂಗುತ್ತದೆ, ನೀರಿಗೆ ಜಗ್ಗುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಮೆಲಮೈನ್ ಒಳಗಿರುವುದು ಮರದ ಪುಡಿ. ಕತ್ತರಿಸಿದ ಅಂಚಿಗೆ ನೀರು ತಾಗಿದರೆ ಉಬ್ಬಿ, ನೀವು ಕಷ್ಟಪಟ್ಟು ಇಟ್ಟ 2 ಮಿಲಿಮೀಟರ್ ಸಂದು ಮುಚ್ಚಿಹೋಗುತ್ತದೆ. ಪ್ರತಿ ಅಂಚಿಗೂ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಥವಾ ಸಿಲಿಕೋನ್ ಹಾಕಲೇಬೇಕು. ಅಂಚು ಚಕ್ಕೆ ಏಳದಿರಲು ಸಣ್ಣ ಹಲ್ಲಿನ ಬ್ಲೇಡು, ಗೆರೆಯ ಮೇಲೆ ಮಾಸ್ಕಿಂಗ್ ಟೇಪು. ಸ್ಕ್ರೂಗೆ ಮೊದಲೇ ತೂತು ಕೊರೆಯದಿದ್ದರೆ ಹಲಗೆ ಸೀಳುತ್ತದೆ. ಸೀಡರ್ ಮರ ಬೇಡವೇ ಬೇಡ, ಅದರ ಎಣ್ಣೆ ಹಾವಿಗೆ ವಿಷ.

ಈಗ ಬಿಸಿಯ ವಿಷಯ. ಚೌಕಟ್ಟು ವಕ್ರವಾದರೆ ಕೆಲಸ ಕೆಡುತ್ತದೆ ಅಷ್ಟೇ, ಇಲ್ಲಿ ಎಡವಿದರೆ ಹಾವು ಸುಟ್ಟುಹೋಗುತ್ತದೆ. ಟಬ್ಬಿನ ಉದ್ದದ ಮೂರನೇ ಒಂದು ಭಾಗ ಮಾತ್ರ, ಹಿಂಬದಿಯಲ್ಲಿ, ಬಿಸಿಯಾಗಬೇಕು. 34 ಇಂಚಿಗೆ 11 ಇಂಚು ಅಗಲದ ಟೇಪ್ ಸರಿಹೊಂದುತ್ತದೆ. ಅದು ಅಡಿಗೆ ಸುಮಾರು 20 ವಾಟ್. ಪ್ರತಿ ಅಂತಸ್ತಿಗೆ ಒಂದೂವರೆ ಅಡಿಯಂತೆ ಐದಕ್ಕೆ ಸುಮಾರು 150 ವಾಟ್, ಅಂದರೆ 120 ವೋಲ್ಟ್‌ನಲ್ಲಿ 1.25 ಆಂಪಿಯರ್. ಟೇಪನ್ನು ಗುರುತು ಹಾಕಿದ ಗೆರೆಯಲ್ಲೇ ಕತ್ತರಿಸಿ, ಮಡಿಸಬೇಡಿ, ಒಂದರ ಮೇಲೊಂದು ಬರಿಸಬೇಡಿ. ಎರಡು ಅಂಚಿನ ಲೋಹದ ಪಟ್ಟಿಗೆ ಕ್ಲಿಪ್ ಕಚ್ಚಿಸುವಾಗ ಹಲ್ಲು ಪ್ಲಾಸ್ಟಿಕ್ ತೂರಿ ಲೋಹಕ್ಕೆ ಗಟ್ಟಿಯಾಗಿ ಹಿಡಿಯಬೇಕು. ಸಡಿಲವಾದರೆ ಅಲ್ಲಿ ಕಿಡಿ ಹಾರಿ ಕರಗುತ್ತದೆ. ಕ್ಲಿಪ್‌ಗೆ ಮುಚ್ಚಳ, ಇನ್ನೊಂದು ತುದಿಗೆ ಇನ್ಸುಲೇಷನ್ ಕಡ್ಡಾಯ. ಅಲ್ಯುಮಿನಿಯಂ ಟೇಪನ್ನು ಕತ್ತರಿಸಿದ ತುದಿಯ ಲೋಹದ ಪಟ್ಟಿಯ ಹತ್ತಿರ ತರಬೇಡಿ, ಶಾರ್ಟ್ ಆಗುತ್ತದೆ. ಐದೂ ತುಂಡುಗಳನ್ನು ಪ್ಯಾರಲೆಲ್ ಆಗಿ, ಅಂದರೆ ಪ್ರತಿಯೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವಂತೆ, ಜೋಡಿಸಬೇಕು. ವೈರಿಂಗ್ ಮಾಡಿ ರೂಢಿಯಿಲ್ಲದವರು ಈ ಭಾಗವನ್ನಾದರೂ ಮಾರುವವರಿಂದಲೇ ಜೋಡಿಸಿ ತರಿಸಿ.

ಥರ್ಮೋಸ್ಟಾಟ್ ಇಲ್ಲದೆ ಟೇಪನ್ನು ಪ್ಲಗ್ಗಿಗೆ ಹಾಕಲೇಬೇಡಿ. ಹರ್ಪ್‌ಸ್ಟಾಟ್‌ನಂಥ ಪ್ರಪೋರ್ಷನಲ್ ಮಾದರಿ ವಿದ್ಯುತ್ತನ್ನು ಬೇಕಷ್ಟೇ ಬಿಡುತ್ತದೆ, ಬಿಸಿ ಏರಿಳಿಯುವುದಿಲ್ಲ. ಆನ್-ಆಫ್ ಮಾದರಿ ಅಗ್ಗ, ಬಿಸಿ ಒಂದೆರಡು ಡಿಗ್ರಿ ತೂಗಾಡುತ್ತದೆ, ಅದರೊಳಗಿನ ಸ್ವಿಚ್ಚು (ರಿಲೇ) ಒಂದು ದಿನ ಆನ್ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು. ಥರ್ಮೋಸ್ಟಾಟ್‌ನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತಂತಿಯ ತುದಿಯನ್ನು, ಟಬ್ಬಿನೊಳಗೆ ಇಡಬೇಡಿ. ಹಾವು ಅದನ್ನು ಸರಿಸುತ್ತದೆ, ಅದರ ಮೇಲೆ ಉಚ್ಚೆ ಹೊಯ್ಯುತ್ತದೆ, ಥರ್ಮೋಸ್ಟಾಟ್ ತಣ್ಣಗಿದೆ ಎಂದುಕೊಂಡು ಬಿಸಿ ಏರಿಸುತ್ತಲೇ ಇರುತ್ತದೆ. ನಡು ಅಂತಸ್ತಿನ ಹೀಟ್ ಟೇಪ್ ಮೇಲೆ, ಟಬ್ಬಿನ ಅಡಿಗೆ, ಭದ್ರವಾಗಿ ಅಂಟಿಸಿ. ಈ ಥರ್ಮೋಸ್ಟಾಟಿಗೆ ಸರಣಿಯಲ್ಲಿ ಇನ್ನೊಂದು ಅಗ್ಗದ ಥರ್ಮೋಸ್ಟಾಟ್ ಹಾಕಿ, ಅದರದೇ ಬೇರೆ ಪ್ರೋಬ್ ಅಂಟಿಸಿ, ಮೊದಲನೆಯದಕ್ಕಿಂತ ಎರಡು ಡಿಗ್ರಿ ಮೇಲೆ ಇಟ್ಟರೆ ಒಂದು ಕೈಕೊಟ್ಟರೆ ಇನ್ನೊಂದು ಕಡಿಯುತ್ತದೆ. ಈ ದುಡ್ಡು ಉಳಿಸಬೇಡಿ.

ಬಾಲ್ ಪೈಥಾನ್‌ಗೆ ಬಿಸಿ ತುದಿ 31–32 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25–27. ಟೇಪ್ ಮತ್ತು ಟಬ್ಬಿನ ತಳಕ್ಕೆ ಎರಡು ಮೂರು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಇನ್‌ಫ್ರಾರೆಡ್ ಗನ್‌ನಲ್ಲಿ ತಳದ ಪ್ಲಾಸ್ಟಿಕನ್ನೇ ಅಳೆಯಿರಿ, ಮೇಲಿನ ಹಾಸನ್ನಲ್ಲ. ಹಾವು ಹಾಸನ್ನು ಸರಿಸಿ ಪ್ಲಾಸ್ಟಿಕ್ ಮೇಲೆ ಮಲಗುತ್ತದೆ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಬೆಚ್ಚಗಿರುವುದರಿಂದ ಐದನ್ನೂ ಅಳೆಯಬೇಕು. ಹಾವು ಬಿಡುವ ಮುನ್ನ ನೀರಿನ ಬಟ್ಟಲು ಇಟ್ಟು ಮೂರು ದಿನ ಖಾಲಿ ಓಡಿಸಿ, ಬೆಳಗ್ಗೆ ಸಂಜೆ ಬರೆದಿಡಿ.

ನಿಮ್ಮ ನೆಲಮಾಳಿಗೆಯ ಚಳಿ ನನಗೆ ಎಲ್ಲಕ್ಕಿಂತ ಚಿಂತೆ. ಟೇಪ್ ತಳವನ್ನು ಕಾಯಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ಕೋಣೆ 17 ಡಿಗ್ರಿಗೆ ಇಳಿದರೆ ತಂಪು ತುದಿಯೂ ಹತ್ತಿರ ಹತ್ತಿರ ಅಲ್ಲಿಗೇ ಇಳಿಯುತ್ತದೆ, ಹಾವಿಗೆ ಬಾಯಲ್ಲಿ ನೊರೆ, ಉಸಿರಾಡುವಾಗ ಸೀಟಿ ಶುರು. ಕೋಣೆಯನ್ನು 24–25ಕ್ಕೆ ಇಡಲಾಗದಿದ್ದರೆ ಕಟ್ಟಿದ್ದೂ ಕೊಂಡದ್ದೂ ಎರಡೂ ವ್ಯರ್ಥ. ತೇವ 60 ಶೇಕಡಾ ಆಸುಪಾಸು ಇರಲಿ. ಟಬ್ಬಿನ ಗಾಳಿತೂತುಗಳನ್ನು ಕಾಲು ಇಂಚಿನಂತೆ ಪಕ್ಕಕ್ಕೆ ಎಂಟರಿಂದ ಶುರುಮಾಡಿ, ಟಬ್ಬಿನ ಗೋಡೆಯಲ್ಲಿ ನೀರು ಕೂತರೆ ಇನ್ನಷ್ಟು ಕೊರೆಯಿರಿ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಒಳಗಿನಿಂದ ಹೊರಕ್ಕೆ ತೂರಿಸಿದರೆ ಒರಟು ಅಂಚು ಹೊರಗೆ ಉಳಿಯುತ್ತದೆ.

ಇನ್ನೊಂದು ಮಾತು. ಪಶ್ಚಿಮ ಆಫ್ರಿಕಾದಲ್ಲಿ ಇವು ಇಲಿಬಿಲ, ಹುತ್ತಗಳಲ್ಲಿ ಅಡಗುವ ಹಾವುಗಳು, ಅದಕ್ಕೇ ಕತ್ತಲ ಟಬ್ಬಿನಲ್ಲಿ ಚೆನ್ನಾಗಿ ತಿನ್ನುತ್ತವೆ. ಆದರೆ ನಾಲ್ಕಡಿಯ ಹೆಣ್ಣು ಮೂರಡಿಯ ಟಬ್ಬಿನಲ್ಲಿ ನೇರ ಚಾಚಲಾರದು. ತಳಿ ಎತ್ತುವ ಯೋಚನೆ ಇಲ್ಲದೆ ಐದೇ ಸಾಕುವುದಾದರೆ 4×2 ಅಡಿಯ ಪಿವಿಸಿ ಗೂಡುಗಳ ಬೆಲೆಯನ್ನೂ ಒಮ್ಮೆ ಕೇಳಿ. ಜಾಗ ಇದ್ದರೆ ನಾನು ಅದನ್ನೇ ಹೇಳುತ್ತೇನೆ.

ಇದನ್ನು ಬೆಂಗಳೂರಿನಲ್ಲಿ ಓದುತ್ತಿರುವವರಿಗೆ: ಅಮೆರಿಕದಿಂದ ತಂದ 120 ವೋಲ್ಟ್ ಟೇಪನ್ನು ನಮ್ಮ 230ಕ್ಕೆ ಹಾಕಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು ವಾಟ್ ಎಳೆದು ಕಾಯುತ್ತದೆ, 230 ವೋಲ್ಟಿನದನ್ನೇ ಕೊಳ್ಳಿ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿರುವುದರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ನಾಡಿನ ಹೆಬ್ಬಾವು, ಕೇರೆ, ನಾಗರವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.